ಕುಣಿಗಲ್ ಕುದುರೆ ಫಾರಂ: ಒಡೆತನ, ಗುತ್ತಿಗೆ ಮತ್ತು ಸಂರಕ್ಷಣೆಯ ಪ್ರಶ್ನೆ

ಮೈಸೂರು ಸಂಸ್ಥಾನದ ಸೈನಿಕ ಇತಿಹಾಸವನ್ನು ಕುರಿತ ಬರವಣಿಗೆಯಲ್ಲಿ ಕೋಟೆ, ಕದನ ಹಾಗೂ ಒಪ್ಪಂದಗಳಿಗೆ ದೊರೆತಷ್ಟು ಗಮನ ಆ ಸೈನ್ಯವನ್ನು ಹೊತ್ತು ನಡೆದ ಪ್ರಾಣಿಗಳಿಗಾಗಲಿ, ಅವು ಮೇಯುತ್ತಿದ್ದ ನೆಲಕ್ಕಾಗಲಿ ದೊರೆತಿಲ್ಲ. ಅಮೃತಮಹಲ್ ಕಾವಲುಗಳ ವಿಷಯದಲ್ಲಿ ಈ ಕೊರತೆ ಸ್ವಲ್ಪಮಟ್ಟಿಗೆ ನೀಗಿದೆ. ಕುದುರೆಗಳ ವಿಷಯದಲ್ಲಿ ಅದು ಹಾಗೆಯೇ ಉಳಿದಿದೆ. ತುಮಕೂರು ಜಿಲ್ಲೆಯ ಕುಣಿಗಲ್ ಪಟ್ಟಣಕ್ಕೆ ಹೊಂದಿಕೊಂಡಿರುವ ಕುದುರೆ ಫಾರಂ ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಅರ್ಹವಾದ ಸ್ಥಳ. ಅರಸರ ಅಶ್ವದಳಕ್ಕೆಂದು ಮೀಸಲಾದ ನೆಲ ಮುಂದೆ ಸರ್ಕಾರಿ ಇಲಾಖೆಯ ಆಡಳಿತಕ್ಕೆ ಬಂದು, ಅನಂತರ ಜೂಜುಕುದುರೆ ಸಾಕುವ ಖಾಸಗಿ ಸಂಸ್ಥೆಯ ಗುತ್ತಿಗೆಗೆ ಹೋಗಿ, ಇಂದು ನಗರ ವಿಸ್ತರಣೆಯ ಒತ್ತಡಕ್ಕೆ ಸಿಲುಕಿದ ಚರಿತ್ರೆ ಅಲ್ಲಿದೆ. ಈ ನೆಲದ ಒಡೆತನ ಯಾವ ಬಗೆಯದು, ಅದು ಇಷ್ಟು ಕಾಲ ಒಡೆಯದೆ ಉಳಿದದ್ದು ಹೇಗೆ, ಅದನ್ನು ಉಳಿಸುವ ಕಾನೂನುಬದ್ಧ ಮಾರ್ಗಗಳು ಯಾವುವು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ದಖ್ಖನ್ನಿನ ರಾಜ್ಯಗಳಿಗೆ ಕುದುರೆ ಎಂದೂ ಸುಲಭವಾಗಿ ಒದಗಿದ ಪ್ರಾಣಿಯಲ್ಲ. ಉತ್ತಮ ತಳಿಯ ಕುದುರೆಗಳು ಅರಬಸ್ಥಾನ ಮತ್ತು ಪರ್ಷಿಯಾಗಳಿಂದ ಸಮುದ್ರಮಾರ್ಗವಾಗಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದವು. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು 16ನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಆದರೆ ಬೊಕ್ಕಸದ ದೊಡ್ಡ ಪಾಲು ಕುದುರೆ ವ್ಯಾಪಾರಕ್ಕೆ ಸಲ್ಲುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಕುದುರೆಯನ್ನು ಕೊಳ್ಳುವುದಷ್ಟೇ ಅಲ್ಲದೆ ಅದನ್ನು ಸಾಕಿ ಪಳಗಿಸುವ ವಿದ್ಯೆಯೂ ಕನ್ನಡ ನಾಡಿನಲ್ಲಿ ಬೆಳೆದಿತ್ತು. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಲಕ್ಷಣಗಳ ಜೊತೆಗೆ ವಾಜಿವಾಹ್ಯಾಳಿ ಎಂಬ ಕುದುರೆಯಾಟವೂ ನಿರೂಪಿತವಾಗಿದೆ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯ ಗ್ರಂಥವೂ, 17ನೆಯ ಶತಮಾನದಲ್ಲಿ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ ಪದ್ಮಣ್ಣ ಪಂಡಿತನು ರಚಿಸಿದ 'ಹಯಸಾರ ಸಮುಚ್ಚಯ'ವೂ ಈ ಪರಂಪರೆಗೆ ಸೇರಿದವು. ಅಂದರೆ ಮೈಸೂರು ಅರಮನೆಗೆ ಕುದುರೆಯ ಆರೈಕೆ ರಾಜ್ಯದ ಕೆಲಸವಾಗಿಯೇ ಕಂಡಿತ್ತು.

ಇದೇ ಮನೋಧರ್ಮ ದನಗಳ ವಿಷಯದಲ್ಲಿ ಮೊದಲೇ ಸಂಸ್ಥೆಯ ರೂಪ ತಳೆದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಸಿ ವ್ಯವಸ್ಥೆಗೊಳಿಸಿದನು. ಫಿರಂಗಿ ಎಳೆಯುವ ಎತ್ತುಗಳಿಗಾಗಿ ರಾಜ್ಯದ ಉದ್ದಗಲಕ್ಕೂ ಕಾವಲುಗಳು ಮೀಸಲಾದವು. ಕುಣಿಗಲ್ಲಿನ ಕುದುರೆ ಲಾಯವನ್ನು ಪರಂಪರೆ ಇದೇ ಕಾಲಕ್ಕೆ, ಟಿಪ್ಪುವಿನ ಅಶ್ವದಳದ ಅಗತ್ಯಕ್ಕೆ, ಜೋಡಿಸುತ್ತದೆ. ಶ್ರೀರಂಗಪಟ್ಟಣ ಹಾಗೂ ಬೆಂಗಳೂರುಗಳೆರಡಕ್ಕೂ ಕೆಲವೇ ದಿನಗಳ ದಾರಿಯಲ್ಲಿ, ದೊಡ್ಡ ಕೆರೆಯ ನೀರಿನ ಆಸರೆಯಲ್ಲಿ, ಹಿತವಾದ ಹವೆಯಲ್ಲಿ ಇದ್ದ ಊರು ಇಂತಹ ಕೆಲಸಕ್ಕೆ ತಕ್ಕುದಾಗಿತ್ತು. ಜನಪದದ ನಾಲಿಗೆಯಲ್ಲಿ ಕುಣಿಗಲ್ ತನ್ನ ಕೆರೆಯಿಂದ ಪ್ರಸಿದ್ಧವಾದರೆ, ಸೈನ್ಯದ ಲೆಕ್ಕದಲ್ಲಿ ಅದು ಕುದುರೆಯಿಂದ ಗುರುತಿಸಲ್ಪಟ್ಟಿತು.

ಸಿಲ್ಲೇದಾರ ಪಡೆಯಿಂದ ಇಲಾಖೆಯವರೆಗೆ

1799ರಲ್ಲಿ ಟಿಪ್ಪುವಿನ ಪತನಾನಂತರ ಒಡೆಯರ ಆಳ್ವಿಕೆ ಪುನಃಸ್ಥಾಪನೆಯಾಯಿತು. 1807ರ ಪೂರಕ ಒಪ್ಪಂದದ ಮೇರೆಗೆ ಮೈಸೂರು ಸಂಸ್ಥಾನವು 4,000 ಸವಾರರ ಪಡೆಯನ್ನು ಇಟ್ಟುಕೊಳ್ಳಬೇಕಾಯಿತು. ಈ ಪಡೆ ಬಹುಮಟ್ಟಿಗೆ ಸಿಲ್ಲೇದಾರ ಪದ್ಧತಿಯದು. ಸಿಲ್ಲೇದಾರನು ತನ್ನ ಸ್ವಂತ ಕುದುರೆಯೊಡನೆ ಚಾಕರಿಗೆ ಬರುತ್ತಿದ್ದನು. ಕುದುರೆಯ ಮೇವು, ಆರೈಕೆಗಳ ವೆಚ್ಚವೂ ಅವನ ಸಂಬಳದಲ್ಲೇ ಸೇರಿರುತ್ತಿತ್ತು. ಕುದುರೆ ಸತ್ತರೆ ಅವನ ಜೀವನೋಪಾಯವೇ ಹೋದಂತೆ. ಆದುದರಿಂದ ಸರಿಯಾದ ಕುದುರೆಗಳು ನಿಲುಕುವ ಬೆಲೆಗೆ ದೊರೆಯುವಂತೆ ನೋಡಿಕೊಳ್ಳುವುದು ಸರ್ಕಾರಕ್ಕೂ ಅನಿವಾರ್ಯವಾಗಿತ್ತು. 19ನೆಯ ಶತಮಾನದಲ್ಲಿ ಕುಣಿಗಲ್ ಸಿಲ್ಲೇದಾರ ಪಡೆಗಾಗಿ ಕುದುರೆ ಸಾಕುವ ಕೇಂದ್ರವಾಗಿ ನಿಂತದ್ದರ ಅರ್ಥವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

1831ರಿಂದ 1881ರವರೆಗಿನ ಕಮಿಷನರ್ ಆಡಳಿತದಲ್ಲಾಗಲಿ, ಅನಂತರದ ದಿವಾನರ ಕಾಲದಲ್ಲಾಗಲಿ ಈ ನೆಲದ ಒಡೆತನದಲ್ಲಿ ಮೂಲಭೂತ ಬದಲಾವಣೆ ಆಗಲಿಲ್ಲ. ರಾಜ್ಯದ ಸ್ವರೂಪ ಬದಲಾದರೂ ನೆಲ ರಾಜ್ಯದ್ದಾಗಿಯೇ ಉಳಿಯಿತು. ಸಿಲ್ಲೇದಾರ ಪಡೆಯನ್ನು ಪುನರ್ರಚಿಸಿದಾಗ ರೂಪುಗೊಂಡ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಮೊದಲ ಮಹಾಯುದ್ಧದಲ್ಲಿ ಪಾಲ್ಗೊಂಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದುಕೊಂಡಿತು. ಆದರೆ ಅದೇ ಯುದ್ಧ ಮೋಟಾರು ವಾಹನಗಳ ಯುಗವನ್ನೂ ತೆರೆಯಿತು. 1953ರಲ್ಲಿ ಹಳೆಯ ಸಂಸ್ಥಾನಗಳ ಅಶ್ವದಳಗಳು 61ನೆಯ ಕ್ಯಾವಲ್ರಿಯಲ್ಲಿ ಲೀನವಾದವು. ಕುಣಿಗಲ್ಲಿನ ಲಾಯ ಯಾವ ಉದ್ದೇಶಕ್ಕೆ ಹುಟ್ಟಿತ್ತೋ ಆ ಉದ್ದೇಶ ಅಲ್ಲಿಗೆ ಮುಗಿಯಿತು.

ಉದ್ದೇಶ ಮುಗಿದ ಮೇಲೂ ನೆಲ ಉಳಿಯಿತು ಎಂಬುದು ಗಮನಾರ್ಹ. ಫಾರಂ ಪಶುಸಂಗೋಪನಾ ಇಲಾಖೆಯ ಅಧೀನದಲ್ಲಿ ಮುಂದುವರಿದು, ಸೈನ್ಯದ ಕುದುರೆಯ ಸ್ಥಾನವನ್ನು ಜೂಜುಕುದುರೆ ತುಂಬಿತು. ಬೆಂಗಳೂರು ಹಾಗೂ ಮೈಸೂರುಗಳ ರೇಸ್ ಕೋರ್ಸುಗಳು ಬೆಳೆದಂತೆ ಥರೋಬ್ರೆಡ್ ತಳಿಯ ಸಾಕಣೆಗೆ ಬೇಡಿಕೆ ಹೆಚ್ಚಿತು. ನಗರದ ಓಟದ ಕಣಕ್ಕೂ ಹಳ್ಳಿಗಾಡಿನ ಹುಲ್ಲುಗಾವಲಿಗೂ ನಡುವೆ ಹೀಗೆ ಒಂದು ಸಂಬಂಧ ಏರ್ಪಟ್ಟಿತು. ನಗರದಲ್ಲಿ ಎರಡು ನಿಮಿಷಗಳಲ್ಲಿ ಮುಗಿಯುವ ಓಟದ ಹಿಂದೆ ಗ್ರಾಮಾಂತರದ ಮೂರು ನಾಲ್ಕು ವರ್ಷಗಳ ದುಡಿಮೆ ಇರುತ್ತದೆ. ಹೆಣ್ಣುಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲದ ಕಾರಣ ಬೀಜದ ಕುದುರೆ ಮತ್ತು ಹೆಣ್ಣುಕುದುರೆಗಳೆರಡೂ ಒಂದೇ ಕಡೆ ಸೇರಬೇಕು. ಮರಿಗಳು ಓಡಿ ಮೂಳೆ ಗಟ್ಟಿಯಾಗಲು ಬೇಲಿ ಹಾಕಿದ ವಿಶಾಲ ಬಯಲುಗಳು ಬೇಕು. ನೆರಳಿನ ಮರಗಳೂ ಸದ್ದಿಲ್ಲದ ಪರಿಸರವೂ ಅಷ್ಟೇ ಅಗತ್ಯ. ಇಂತಹ ಸ್ಥಳವನ್ನು ಕಟ್ಟಡದಂತೆ ಒಂದೆರಡು ವರ್ಷಗಳಲ್ಲಿ ಬೇರೆಡೆ ನಿರ್ಮಿಸಲಾಗದು.

ಗುತ್ತಿಗೆಯ ಅಧ್ಯಾಯ

1992ರಲ್ಲಿ ಕರ್ನಾಟಕ ಸರ್ಕಾರವು ನಾನೂರಕ್ಕೂ ಹೆಚ್ಚು ಎಕರೆ ವಿಸ್ತಾರದ ಈ ಫಾರಂ ಅನ್ನು ಉದ್ಯಮಿ ವಿಜಯ್ ಮಲ್ಯ ಅವರ ಸಮೂಹಕ್ಕೆ ಸೇರಿದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ 30 ವರ್ಷಗಳ ಅವಧಿಗೆ ಗುತ್ತಿಗೆ ನೀಡಿತು. ಸರ್ಕಾರಿ ಉದ್ಯಮಗಳ ನಿರ್ವಹಣೆಯಿಂದ ರಾಜ್ಯ ಹಿಂದೆ ಸರಿಯುತ್ತಿದ್ದ ಕಾಲವದು. ವಿದೇಶಗಳಿಂದ ಬೀಜದ ಕುದುರೆಗಳು ಬಂದವು. ಕುಣಿಗಲ್ಲಿನಲ್ಲಿ ಹುಟ್ಟಿದ ಕುದುರೆಗಳು ದೇಶದ ಪ್ರಮುಖ ಓಟಗಳಲ್ಲಿ ಹೆಸರು ಗಳಿಸಿದವು.

ಇತಿಹಾಸದ ದೃಷ್ಟಿಯಿಂದ ಈ ಗುತ್ತಿಗೆಗೆ ಎರಡು ಮುಖಗಳಿವೆ. ಬಳಕೆ ನಿಲ್ಲದೆ ನಡೆದದ್ದರಿಂದ ಬಯಲು ಬಯಲಾಗಿಯೇ ಉಳಿಯಿತು. ಲಾಯಗಳು, ಮರಗಳು, ಮೇವಿನ ಹೊಲಗಳು ಕೈಬಿಟ್ಟು ಹೋಗಲಿಲ್ಲ. ತಲೆಮಾರುಗಳಿಂದ ಕುದುರೆ ಕೆಲಸವನ್ನೇ ನಂಬಿದ ಸ್ಥಳೀಯ ಕುಟುಂಬಗಳಿಗೆ ಉದ್ಯೋಗವೂ ಮುಂದುವರಿಯಿತು. ಇದು ಮೊದಲನೆಯ ಮುಖ. ಆದರೆ ಗುತ್ತಿಗೆಯ ಸಂಬಂಧದಲ್ಲಿ ಭೂಮಿಯ ಮೌಲ್ಯವನ್ನು ಬಾಡಿಗೆಯಲ್ಲಿ ಅಳೆಯುವುದು ವಾಡಿಕೆಯಾಗುತ್ತದೆ. ಬಾಡಿಗೆ ಕಡಿಮೆಯೆನಿಸಿದೊಡನೆ ಆ ನೆಲವನ್ನು ಇನ್ನೂ ಲಾಭದಾಯಕವಾಗಿ ಬಳಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಚರಿತ್ರೆಯ ಮೌಲ್ಯಕ್ಕೆ ಗುತ್ತಿಗೆ ಪತ್ರದಲ್ಲಿ ಅಂಕಣವಿರುವುದಿಲ್ಲ. ಇದು ಎರಡನೆಯ ಮುಖ. 2022ರಲ್ಲಿ 30 ವರ್ಷಗಳ ಅವಧಿ ಮುಗಿದಾಗ ಈ ಎರಡನೆಯ ಮುಖವೇ ಮುಂದಾಯಿತು.

2024ರಲ್ಲಿ ಫಾರಂನ ಜಮೀನಿನಲ್ಲಿ ಸಮಗ್ರ ಉಪನಗರವೊಂದನ್ನು ನಿರ್ಮಿಸುವ ಯೋಜನೆಯನ್ನು ರಾಜ್ಯ ಸರ್ಕಾರ ಮುಂದಿಟ್ಟಿತು. ಕುದುರೆ ಸಾಕಣೆದಾರರೂ ಪರಂಪರೆಯ ಅಭಿಮಾನಿಗಳೂ ಇದನ್ನು ವಿರೋಧಿಸಿದರು. ಬೆಂಗಳೂರಿನ ರೇಸ್ ಕೋರ್ಸನ್ನೇ ಕುಣಿಗಲ್ಲಿಗೆ ಸ್ಥಳಾಂತರಿಸುವ ವಿಚಾರ 2025ರಲ್ಲಿ ಮುನ್ನೆಲೆಗೆ ಬಂದಿತು. ಮೊದಲನೆಯ ಯೋಜನೆ ಕುದುರೆಯನ್ನು ಆ ನೆಲದಿಂದ ಹೊರಗಿಡುತ್ತದೆ. ಎರಡನೆಯದು ನಗರದ ಕಣವನ್ನು ಸಾಕಣೆಯ ಬಯಲಿಗೆ ತರುತ್ತದೆ. ಎರಡರ ಪರಿಣಾಮಗಳೂ ಒಂದೇ ಅಲ್ಲ. ಆದರೂ ಎರಡಕ್ಕೂ ಮೂಲ ಬೆಂಗಳೂರು ನಗರದಲ್ಲಿದೆ.

ಪಶ್ಚಿಮಕ್ಕೆ ಸಾಗಿದ ನಗರ

ಕುಣಿಗಲ್ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಇಂದಿನ ಒತ್ತಡವನ್ನು ಅರಿಯಲು ನಗರದ ಪಶ್ಚಿಮ ಭಾಗದ ಬೆಳವಣಿಗೆಯನ್ನು ಗಮನಿಸಬೇಕಾಗುತ್ತದೆ. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾದ ಮೇಲೆ ಕೋಟೆ ಮತ್ತು ಪೇಟೆಗಳ ಪಶ್ಚಿಮಕ್ಕಿದ್ದ ಹಳ್ಳಿಗಳ ಹೊಲ, ಗೋಮಾಳ, ಕೆರೆಯಂಗಳಗಳು ಬಡಾವಣೆಗಳಾಗತೊಡಗಿದವು. ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ರೂಪುಗೊಂಡಿತು. ಮಾಗಡಿ ರಸ್ತೆಯ ಆಚೀಚೆ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಈ ಹೊಣೆಯನ್ನು ವಹಿಸಿಕೊಂಡ ಮೇಲೆ ಕೆಂಗೇರಿಯೂ ನಗರದೊಳಗೆ ಸೇರಿಹೋಯಿತು. ಈ ಬಡಾವಣೆಗಳಲ್ಲಿ ಹಳೆಯ ಹಳ್ಳಿಗಳ ಹೆಸರು ಉಳಿದಿದೆ, ಗುಡಿ ಉಳಿದಿದೆ. ಮೇವಿನ ನೆಲ ಮಾತ್ರ ಉಳಿದಿಲ್ಲ. ಯಾರ ಹೆಸರಿನಲ್ಲೂ ಇಲ್ಲದ, ಊರಿಗೆಲ್ಲ ಸೇರಿದ ಗೋಮಾಳವೇ ಎಲ್ಲಕ್ಕಿಂತ ಮೊದಲು ಸರ್ಕಾರದ ಯೋಜನೆಗಳಿಗೆ ಒದಗಿತು.

ಇದೇ ಚಲನೆ ಈಗ ಹೆದ್ದಾರಿಯ ಗುಂಟ ಮುಂದುವರಿದಿದೆ. 2006ರಲ್ಲಿ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಪ್ರಸ್ತಾಪವಾದ ಐದು ಉಪನಗರಗಳಲ್ಲಿ ಬಿಡದಿ ಹಾಗೂ ಸೋಲೂರುಗಳೂ ಸೇರಿದ್ದವು. ಸೋಲೂರು ಕುಣಿಗಲ್ ದಾರಿಯಲ್ಲಿಯೇ ಇದೆ. ಮಂಗಳೂರು ಹೆದ್ದಾರಿ ಅಗಲವಾಯಿತು. 2017ರಲ್ಲಿ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ರೈಲುಮಾರ್ಗ ಪೂರ್ಣಗೊಂಡಿತು. ಇದರಿಂದಾಗಿ ಹಳ್ಳಿಗಾಡಿನ ಕುದುರೆ ಫಾರಂ, ನಗರದ ಲೆಕ್ಕದಲ್ಲಿ, ಒಂದೇ ಮಾಲೀಕನಿರುವ, ಭೂಸ್ವಾಧೀನದ ತೊಡಕಿಲ್ಲದ ದೊಡ್ಡ ಜಮೀನಾಗಿ ಕಾಣತೊಡಗಿತು. ಹಿಂದೆ ಅದನ್ನು ಕಾಪಾಡಿದ ಏಕಮಾಲೀಕತ್ವವೇ ಈಗ ಅದರ ದೌರ್ಬಲ್ಯವಾಗಿ ಪರಿಣಮಿಸಿರುವುದು ಈ ಚರಿತ್ರೆಯ ಮುಖ್ಯ ಅಂಶ.

ಇತರ ಕಣಗಳ ಅನುಭವ

ಓಟದ ಕಣಗಳ ನೆಲದ ಪ್ರಶ್ನೆ ಕುಣಿಗಲ್ಲಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬೆಂಗಳೂರಿನ ನಡುಭಾಗದ 80ಕ್ಕೂ ಹೆಚ್ಚು ಎಕರೆ ವಿಸ್ತಾರದ ರೇಸ್ ಕೋರ್ಸ್ ಸರ್ಕಾರಿ ನೆಲದಲ್ಲಿದ್ದು, ಅದರ ಗುತ್ತಿಗೆ 2009ರ ಕೊನೆಗೆ ಮುಗಿಯಿತು. ಕಣವನ್ನು ನಗರದ ಹೊರಕ್ಕೆ ಕಳುಹಿಸುವ ಪ್ರಯತ್ನ ದೀರ್ಘ ವ್ಯಾಜ್ಯಕ್ಕೆ ಎಡೆಮಾಡಿತು. 1952ರ ಮೈಸೂರು ರೇಸ್ ಕೋರ್ಸುಗಳ ಪರವಾನಗಿ ಕಾಯಿದೆಯ ಅಡಿಯಲ್ಲಿ ಪರವಾನಗಿ ನೀಡುವ ವಿಚಾರವೂ 2024ರಲ್ಲಿ ಹೈಕೋರ್ಟಿನವರೆಗೆ ಹೋಯಿತು.

ಚೆನ್ನೈನ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ಮದರಾಸು ರೇಸ್ ಕ್ಲಬ್ಬನ್ನು ವಶಪಡಿಸಿಕೊಳ್ಳಲು 1986ರಲ್ಲಿ ಮಾಡಿದ ಕಾಯಿದೆಯನ್ನು ಸುಪ್ರೀಂ ಕೋರ್ಟ್ 1996ರ ಲಕ್ಷ್ಮಣನ್ ಪ್ರಕರಣದಲ್ಲಿ ರದ್ದುಗೊಳಿಸಿ, ಕುದುರೆ ಓಟ ಕೌಶಲದ ಆಟವೆಂದು ತೀರ್ಪಿತ್ತಿತು. ಕ್ಲಬ್ ಉಳಿಯಿತು. ಆದರೆ 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗಿಂಡಿಯ ಸುಮಾರು 160 ಎಕರೆಯ ಗುತ್ತಿಗೆಯನ್ನೇ ರದ್ದುಪಡಿಸಿತು. ವಿವಾದ ಮತ್ತೆ ನ್ಯಾಯಾಲಯ ಸೇರಿತು. ಅದೇ ವರ್ಷ ಉದಕಮಂಡಲದ ರೇಸ್ ಕೋರ್ಸಿನ ನೆಲವನ್ನೂ ಸರ್ಕಾರ ಹಿಂಪಡೆಯಿತು. ಸಂಸ್ಥೆಯ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿದರೂ ನೆಲದ ಹಕ್ಕು ಸರ್ಕಾರದಲ್ಲಿಯೇ ಇರುವಾಗ ಆ ರಕ್ಷಣೆ ಅಪೂರ್ಣವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಮುಂಬಯಿಯ ಮಹಾಲಕ್ಷ್ಮಿ ಕಣದ 99 ವರ್ಷಗಳ ಗುತ್ತಿಗೆ 2013ರಲ್ಲಿ ಮುಗಿದ ಮೇಲೆ, 2024ರಲ್ಲಿ 211 ಎಕರೆಗಳ ಪೈಕಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೂ ಉಳಿದ 91 ಎಕರೆ ಓಟಕ್ಕೂ ಎಂಬ ಹಂಚಿಕೆಗೆ ಬರಲಾಯಿತು. ಇಲ್ಲಿ ಬಳಕೆ ಬದಲಾದರೂ ಬಯಲಿನ ಸ್ವರೂಪ ಉಳಿಯುವ ದಾರಿ ತೆರೆಯಿತು.

ಸಂರಕ್ಷಣೆಯ ಕಾನೂನು

1961ರ ಕರ್ನಾಟಕ ಪ್ರಾಚೀನ ಹಾಗೂ ಐತಿಹಾಸಿಕ ಸ್ಮಾರಕಗಳ ಕಾಯಿದೆ ಕಟ್ಟಡ, ಶಾಸನ, ಶಿಲ್ಪ, ಪುರಾತತ್ವ ನಿವೇಶನಗಳನ್ನು ಗಮನದಲ್ಲಿರಿಸಿಕೊಂಡು ರಚಿತವಾದುದು. ಹಳೆಯ ಲಾಯವೊಂದಕ್ಕೆ ಅದು ಅನ್ವಯಿಸಬಹುದು. ಆ ಲಾಯಕ್ಕೆ ಅರ್ಥ ಕೊಡುವ ನಾನೂರು ಎಕರೆ ಹುಲ್ಲುಗಾವಲಿಗೆ ಅದು ಸಹಜವಾಗಿ ಒಗ್ಗುವುದಿಲ್ಲ. 1964ರ ಭೂಕಂದಾಯ ಕಾಯಿದೆಯ 71ನೆಯ ಪ್ರಕರಣ ಮೇವು ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ನೆಲವನ್ನು ಮೀಸಲಿಡಲು ಅವಕಾಶ ಕೊಡುತ್ತದೆ. ಆದರೆ ಮೀಸಲಿಟ್ಟ ಸರ್ಕಾರವೇ ಅದನ್ನು ಸಡಿಲಿಸಲೂಬಹುದು. ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ 2009ರ ನಂತರ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಪಾಲಾದದ್ದು ಇದಕ್ಕೆ ನಿದರ್ಶನ.

ಹೀಗಿದ್ದರೂ ಕರ್ನಾಟಕದಲ್ಲಿಯೇ ಅನುಸರಣೀಯವಾದ ಎರಡು ಮಾದರಿಗಳಿವೆ. ಮೊದಲನೆಯದು 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳ ನೆಲವನ್ನು ಪರಭಾರೆ ಮಾಡದಂತೆ ಈ ಕಾಯಿದೆಯ ಮೂಲಕ ಸರ್ಕಾರ ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡಿತು. ಲಾಲ್‌ಬಾಗಿನ ಹೋಲಿಕೆ ಇಲ್ಲಿ ಆಕಸ್ಮಿಕವಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ಆ ತೋಟವೂ ಅರಸರಿಂದ ಕಂಪನಿಗೆ, ಕಂಪನಿಯಿಂದ ಇಲಾಖೆಗೆ ಬಂದದ್ದು. ಹೆಚ್ಚುಕಡಿಮೆ ಒಂದೇ ಕಾಲದ, ಒಂದೇ ರಾಜಸತ್ತೆಯ ಎರಡು ನೆಲಗಳಲ್ಲಿ ಒಂದಕ್ಕೆ ಶಾಸನಸಭೆಯ ರಕ್ಷೆ ಒದಗಿತು; ಇನ್ನೊಂದಕ್ಕೆ ಗುತ್ತಿಗೆ ಪತ್ರವೇ ಆಧಾರವಾಯಿತು. ನಗರದ ಜನ ದಿನವೂ ಕಾಣುವ, ನಡೆದಾಡುವ ತೋಟಕ್ಕೆ ದನಿಯಿತ್ತು. ಬೇಲಿಯಾಚೆ ಇದ್ದ ಕುದುರೆ ಬಯಲಿಗೆ ಅಂತಹ ದನಿ ಇರಲಿಲ್ಲ.

ಎರಡನೆಯದು 2002ರ ಜೈವಿಕ ವೈವಿಧ್ಯ ಕಾಯಿದೆಯ 37ನೆಯ ಪ್ರಕರಣ. ಇದರ ಮೇರೆಗೆ 2007ರಲ್ಲಿ ದೇವನಹಳ್ಳಿ ತಾಲೂಕಿನ ನಲ್ಲೂರು ಹುಣಸೆ ತೋಪು ಜೈವಿಕ ವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. 2010ರಲ್ಲಿ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವೂ ಆ ಪಟ್ಟಿಗೆ ಸೇರಿತು. ಎರಡನೆಯ ನಿದರ್ಶನ ಮಹತ್ವದ್ದು. ಅದು ಬಳಕೆ ನಿಂತ ಹಾಳೂರಲ್ಲ. ಪಾಠ, ಸಂಶೋಧನೆ, ಬೇಸಾಯ ನಡೆಯುತ್ತಿರುವ ಆವರಣ. ದುಡಿಯುವ ನೆಲವೂ ಪರಂಪರೆಯ ನೆಲವಾಗಬಹುದೆಂಬ ತತ್ತ್ವಕ್ಕೆ ಅಲ್ಲಿ ಮನ್ನಣೆ ದೊರೆತಿದೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದಾಗಿದೆ. ಕುಣಿಗಲ್ ಕುದುರೆ ಫಾರಂನ ನೆಲ ಎಂದೂ ಖಾಸಗಿ ಸ್ವತ್ತಾಗಲಿಲ್ಲ. ಬಳಕೆದಾರರು ಬದಲಾದರೇ ಹೊರತು ಒಡೆಯ ಬದಲಾಗಲಿಲ್ಲ. ಅದನ್ನು ಈವರೆಗೆ ಕಾಪಾಡಿದ್ದು ಕಾನೂನಲ್ಲ, ಕುದುರೆ ಸಾಕಣೆಯೆಂಬ ನಿರಂತರ ಬಳಕೆ. ಆ ಬಳಕೆ ಕಡಿದರೆ ಲಾಯಗಳನ್ನು ಸ್ಮಾರಕವೆಂದು ಉಳಿಸಿದರೂ ಸ್ಥಳದ ಅರ್ಥ ಉಳಿಯದು.

ಕುಣಿಗಲ್ ಪಟ್ಟಣಕ್ಕೆ ಮನೆ, ಆಸ್ಪತ್ರೆ, ಕಾಲೇಜುಗಳು ಬೇಡವೆಂದು ಯಾರೂ ಹೇಳಲಾರರು. ಹೊರಗಿನ ಶ್ರೀಮಂತರ ಜೂಜಿಗೆ ಊರಿನ ನೆಲವೇಕೆ ಎಂಬ ಸ್ಥಳೀಯರ ಪ್ರಶ್ನೆಯನ್ನೂ ಲಘುವಾಗಿ ಕಾಣುವಂತಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ನೆಲವನ್ನು ನಿವೇಶನಗಳಾಗಿ ಒಡೆಯುವುದರಲ್ಲಿ ಇರಬೇಕಾಗಿಲ್ಲ. ಫಾರಂನ ಒಂದು ಭಾಗವನ್ನು ಜನರಿಗೆ ತೆರೆದು, ಮೈಸೂರು ಅಶ್ವದಳದ ಸಂಗ್ರಹಾಲಯ ಹಾಗೂ ಕುದುರೆ ವೈದ್ಯಕೀಯದ ತರಬೇತಿಗಳನ್ನು ಅಲ್ಲಿ ನೆಲೆಗೊಳಿಸಿದರೆ ಊರಿಗೂ ಪಾಲು ದೊರೆಯುತ್ತದೆ. ಮುಂದಿನ ಯಾವುದೇ ಗುತ್ತಿಗೆಯಲ್ಲಿ ಬಯಲಿನ ವಿಸ್ತಾರ, ಮರಗಳು, ಹಳೆಯ ಕಟ್ಟಡಗಳ ಪಾಲನೆಯನ್ನು ಬಾಡಿಗೆಯಷ್ಟೇ ಕಡ್ಡಾಯವಾದ ಷರತ್ತಾಗಿ ಬರೆಯಬಹುದು.

ಇದಕ್ಕೆ ಪೂರ್ವಭಾವಿಯಾಗಿ ಆಗಬೇಕಾದ ಕೆಲಸ ಸಂಶೋಧಕರದು. ರಾಜ್ಯ ಪತ್ರಾಗಾರದ ಕಡತಗಳು, ಇಲಾಖೆಯ ವಾರ್ಷಿಕ ವರದಿಗಳು, ಹಳೆಯ ಮೋಜಣಿ ನಕ್ಷೆಗಳು, ಕುದುರೆಗಳ ವಂಶಾವಳಿ ಪುಸ್ತಕಗಳು ಹಾಗೂ ಕುದುರೆ ಕೆಲಸಗಾರರ ಮೌಖಿಕ ಹೇಳಿಕೆಗಳನ್ನು ಒಂದೆಡೆ ಸಂಗ್ರಹಿಸಿ ಫಾರಂನ ಪೂರ್ಣ ಚರಿತ್ರೆಯನ್ನು ರಚಿಸಬೇಕಾಗಿದೆ. ಲಾಯಗಳ, ಮರಗಳ, ಬೇಲಿಗಳ ಅಳತೆ ಸಹಿತ ದಾಖಲಾತಿಯೂ ನಡೆಯಬೇಕು. 1975ರ ಉದ್ಯಾನ ಕಾಯಿದೆಯ ಮಾದರಿಯಲ್ಲಿ ರಕ್ಷೆ ಕೇಳುವುದಾದರೂ, ಜೈವಿಕ ವೈವಿಧ್ಯ ಕಾಯಿದೆಯ ಮೊರೆ ಹೋಗುವುದಾದರೂ, ಏನನ್ನು ಉಳಿಸಬೇಕಾಗಿದೆ ಎಂಬ ದಾಖಲೆ ಕೈಯಲ್ಲಿರಬೇಕು. ಅಮೃತಮಹಲ್ ಕಾವಲುಗಳ ಬಗೆಗಿನ ಅಧ್ಯಯನ ಬಹುಪಾಲು ಆ ನೆಲ ಕರಗಿದ ಮೇಲೆ ನಡೆಯಿತು. ಕುಣಿಗಲ್ಲಿನ ವಿಷಯದಲ್ಲಿ ಅಧ್ಯಯನ ನಡೆಸಲು ನೆಲ ಇನ್ನೂ ಕಣ್ಣೆದುರಿಗಿದೆ.